ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು: ವಲಸೆ ಮತ್ತು ಪ್ರಾದೇಶಿಕ ಅರ್ಥವ್ಯವಸ್ಥೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಿಂದ ಹಲವರು ದುಡಿಮೆಗಾಗಿ ಹೊರಗೆ ಹೋಗುತ್ತಾರೆ, ಹಲವರು ಹೋಗಿ ಮರಳುತ್ತಾರೆ; ಹೊರಗಿನಿಂದ ಇಲ್ಲಿಗೆ ಬರುವವರೂ ಇದ್ದಾರೆ. ಈ ಓಡಾಟ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಸೀಮೆಯ ಒಕ್ಕಲುತನ, ಕೂಲಿ, ಸಾಲ ಮತ್ತು ಪೇಟೆಯನ್ನು ತಿದ್ದುತ್ತ ಬಂದಿದೆ. ಬರ ಬಿದ್ದಾಗ ಊರು ಬಿಡುವ ಗುಳೆ ಅದರ ಒಂದು ಬಗೆ ಮಾತ್ರ. ಸುಗ್ಗಿ ಮುಗಿಸಿ ಹೋಗಿ ಮಳೆಗೆ ಮರಳುವವರು, ಗೋವಾ ಮತ್ತು ಕರಾವಳಿಯಲ್ಲಿ ವರ್ಷಗಟ್ಟಲೆ ನಿಲ್ಲುವವರು, ಓದಿ ಬೆಂಗಳೂರು ಸೇರಿ ಮರಳದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಊರಿನಲ್ಲಿ ಯಾವ ತಿಂಗಳು ಎಷ್ಟು ಆಳು ಸಿಗುತ್ತಾರೆ ಎಂಬ ಲೆಕ್ಕವೇ ಇಲ್ಲಿ ಯಾವ ಬೆಳೆ ಹಾಕಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ನೆಲ ಮತ್ತು ದಾರಿ

ನಾಲ್ಕೂ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಪಟ್ಟಿಯಲ್ಲಿವೆ. ಹಾನಗಲ್ಲಿನ ಪಶ್ಚಿಮ ಭಾಗ ಶಿರಸಿ, ಮುಂಡಗೋಡಗಳಿಗೆ ಹೊಂದಿಕೊಂಡ ಅರೆಮಲೆನಾಡು. ಧರ್ಮಾ ಮತ್ತು ವರದಾ ನದಿ, ಕೆರೆಗಳು, ಭತ್ತದ ಗದ್ದೆ, ಮಾವಿನ ತೋಟ ಅಲ್ಲಿನ ಹಳೆಯ ಆಧಾರ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ, ಎರೆ ನೆಲ ಹೆಚ್ಚುತ್ತದೆ. ಸವಣೂರಿನಲ್ಲಿ ಜೋಳ, ಹತ್ತಿಯ ಜೊತೆಗೆ ವೀಳ್ಯದೆಲೆಯ ತೋಟಗಳು ಹೆಸರು ಮಾಡಿವೆ. ಶಿಗ್ಗಾವಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಹುಬ್ಬಳ್ಳಿ ಅದಕ್ಕೆ ದಿನವೂ ಹೋಗಿ ಬರುವಷ್ಟು ಹತ್ತಿರ. ದಕ್ಷಿಣದ ಹಿರೇಕೆರೂರಿನ ವ್ಯವಹಾರ ಅರ್ಧ ರಾಣೆಬೆನ್ನೂರಿನ ಕಡೆಗಿದ್ದರೆ ಅರ್ಧ ಶಿಕಾರಿಪುರ, ಶಿವಮೊಗ್ಗದ ಕಡೆಗೆ. ಈ ತಾಲ್ಲೂಕಿನ ಒಂದು ಭಾಗ ಈಗ ರಟ್ಟೀಹಳ್ಳಿ ಎಂಬ ಪ್ರತ್ಯೇಕ ತಾಲ್ಲೂಕು.

ವಲಸೆಯ ದಿಕ್ಕನ್ನು ಗೊತ್ತುಮಾಡುವುದರಲ್ಲಿ ದಾರಿಗಳ ಪಾಲು ದೊಡ್ಡದು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಸವಣೂರಿನವರಿಗೆ ರೈಲು ಸಿಗುವುದು ಯಲವಿಗಿಯಲ್ಲಿ. ಹೀಗಾಗಿ ಬಸ್ಸೇ ಮುಖ್ಯ ಆಸರೆ. ಹಾನಗಲ್ಲಿನಿಂದ ಶಿರಸಿಗೆ, ಅಲ್ಲಿಂದ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ದಾರಿ ಹಳೆಯದು. ಶಿಗ್ಗಾವಿ, ಸವಣೂರಿನವರು ಹುಬ್ಬಳ್ಳಿ ಮುಟ್ಟಿ ಗೋವಾದ ಕಡೆ ತಿರುಗುತ್ತಾರೆ. ಹಿರೇಕೆರೂರಿನವರಿಗೆ ಶಿವಮೊಗ್ಗ, ಚಿಕ್ಕಮಗಳೂರು ಸಮೀಪ.

ಇತಿಹಾಸ

ಈ ನಾಡಿಗೆ ಹೊರಗಿನಿಂದ ಬಂದು ನೆಲೆಸಿದವರ ಕಥೆಯೂ ಹಳೆಯದು. ಬಂಕಾಪುರದ ಜಹಗೀರು ಪಡೆದ ಮಿಯಾನಾ ಪಠಾಣರು ಮುಂದೆ ಸವಣೂರನ್ನು ರಾಜಧಾನಿ ಮಾಡಿಕೊಂಡರು. ಆ ನವಾಬಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಉಳಿಯಿತು. ಉಳಿದ ಪ್ರದೇಶ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು. ಆಗ ಶಿಗ್ಗಾವಿ ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರವಾಗಿದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಚಲಿಸಿದ್ದು ಮನುಷ್ಯರಿಗಿಂತ ಹೆಚ್ಚಾಗಿ ಸರಕು. ಧಾರವಾಡ ಸೀಮೆಯ ಹತ್ತಿ ಬಂಡಿಗಳಲ್ಲೂ ಎತ್ತುಗಳ ಹೇರಿನಲ್ಲೂ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಹತ್ತಿ ನಿಂತಾಗ ಇಲ್ಲಿನ ಬೆಲೆ ಏರಿತು. ಯುದ್ಧ ಮುಗಿದ ಮೇಲೆ ಬೆಲೆ ಇಳಿಯಿತು. 1876–78ರ ಭೀಕರ ಬರ ಧಾರವಾಡ ಜಿಲ್ಲೆಯ ಹಳ್ಳಿಗಳನ್ನು ಬರಿದುಮಾಡಿತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೂ, ಲೋಂಡಾ ಮೂಲಕ ಗೋವಾದ ಮುರ್ಮುಗಾಂವ ಬಂದರಿಗೂ ರೈಲು ಹಳಿ ಬಿದ್ದಿತು. ಕುಮಟಾ ದಾರಿಯ ವ್ಯಾಪಾರ ಕುಗ್ಗಿತು. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸಿ ಬದುಕಿದ್ದ ಲಂಬಾಣಿಗಳ ಕಸುಬಿಗೂ ರೈಲು ಮತ್ತು ರಸ್ತೆ ಪೆಟ್ಟು ಕೊಟ್ಟವು. ತಾಂಡಾಗಳಲ್ಲಿ ನೆಲೆನಿಂತು ಕೂಲಿಗೆ ಇಳಿದ ಈ ಸಮುದಾಯ ಇಂದಿಗೂ ಈ ಸೀಮೆಯ ದೂರದ ವಲಸೆಯಲ್ಲಿ ಮುಂದಿದೆ.

1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದ ಬಳಿಕ ಗಣಿ, ಬಂದರು, ಕಟ್ಟಡ ಕಾಮಗಾರಿಗಳು ಬೆಳೆದವು. ಹಿಂದೆ ಹತ್ತಿ ಹೋಗುತ್ತಿದ್ದ ಮುರ್ಮುಗಾಂವದ ದಾರಿಯಲ್ಲೇ ಉತ್ತರ ಕರ್ನಾಟಕದ ಕೂಲಿಕಾರರು ಹೋದರು. ವಾಸ್ಕೊ, ಝುವಾರಿನಗರ, ಬಾಯ್ನಾಗಳಲ್ಲಿ ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರ ಭಾಗದವರ ಕೇರಿಗಳೇ ಎದ್ದವು. 2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇ. 4.5ಕ್ಕೂ ಹೆಚ್ಚು.

ಊರು ಬಿಟ್ಟವರು ಊರಿನ ಹೆಸರನ್ನೂ ಹೊತ್ತು ಹೋದರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗಾಯಕ ಪಂಚಾಕ್ಷರಿ ಗವಾಯಿಗಳು ನೆಲೆನಿಂತದ್ದು ಗದಗಿನಲ್ಲಿ. ಗಾಯಕಿ ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ, ಆದರೆ ಹೆಸರಿನ ಜೊತೆಗಿದ್ದದ್ದು ಹಾನಗಲ್.

ವಲಸೆಯ ಬಗೆಗಳು

ಮೊದಲನೆಯದು ಹಂಗಾಮಿನ ವಲಸೆ. ಮುಂಗಾರು ಬೆಳೆ ಒಕ್ಕಿ, ದೀಪಾವಳಿ ಮುಗಿಸಿ ಹೊರಟವರು ಯುಗಾದಿಗೋ ಊರ ಜಾತ್ರೆಗೋ ಬಂದು, ಮತ್ತೆ ಹೋಗಿ, ರೋಹಿಣಿ ಮಳೆಯ ಹೊತ್ತಿಗೆ ಮರಳುತ್ತಾರೆ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಚಿಕ್ಕಮಗಳೂರು ಮತ್ತು ಕೊಡಗಿನಲ್ಲಿ ಕಾಫಿ ಹಣ್ಣು ಬಿಡಿಸುವ ಕೆಲಸ ನಡೆಯುವುದು ಬಯಲುಸೀಮೆಯ ಹೊಲ ಖಾಲಿಯಾದ ತಿಂಗಳುಗಳಲ್ಲೇ. ಕರಾವಳಿಯಲ್ಲಿ ಮಳೆಗಾಲಕ್ಕೆ ಕಟ್ಟಡದ ಕೆಲಸ ತಗ್ಗುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಅದೇ ಹೊತ್ತಿಗೆ ಇಲ್ಲಿ ಬಿತ್ತನೆ ಬರುತ್ತದೆ. ಎರಡು ಸೀಮೆಗಳ ಕೆಲಸದ ಕಾಲ ಹೀಗೆ ಒಂದಕ್ಕೊಂದು ಕೂಡಿಬರುವುದರಿಂದಲೇ ತುಂಡು ಹೊಲದ ಕುಟುಂಬಗಳು ಹೊಲವನ್ನೂ ಬಿಡದೆ ಕೂಲಿಯನ್ನೂ ಬಿಡದೆ ನಡೆದುಕೊಂಡು ಬಂದಿವೆ.

ಎರಡನೆಯದು ಗೋವಾ, ಮಂಗಳೂರು, ಉಡುಪಿ, ಬೆಂಗಳೂರುಗಳಲ್ಲಿ ವರ್ಷದ ಬಹುಪಾಲು ಕಳೆಯುವ ಕಟ್ಟಡ ಕಾರ್ಮಿಕರ ವಲಸೆ. ಇಲ್ಲಿ ಮೇಸ್ತ್ರಿಯೇ ಕೊಂಡಿ. ಆತ ಸಾಮಾನ್ಯವಾಗಿ ಅದೇ ಊರಿನವ ಅಥವಾ ಪಕ್ಕದ ತಾಂಡಾದವ. ಮುಂಗಡ ಕೊಟ್ಟು ಜನ ಕೂಡಿಸುತ್ತಾನೆ, ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಕಲ್ಲು, ಮಣ್ಣು ಹೊರುವ ಹುಡುಗ ಕೆಲವು ವರ್ಷಗಳಲ್ಲಿ ಕರಣಿ ಹಿಡಿದು ಗೌಂಡಿಯಾಗುತ್ತಾನೆ. ಅವರಲ್ಲಿ ಕೆಲವರು ತಾವೇ ಗುತ್ತಿಗೆ ಹಿಡಿದು ಮೇಸ್ತ್ರಿಯಾಗುತ್ತಾರೆ. ಹೆಂಗಸರಿಗೆ ಮಾತ್ರ ಈ ಏಣಿ ಹೆಚ್ಚಾಗಿ ಮೊದಲ ಮೆಟ್ಟಿಲಿಗೇ ನಿಲ್ಲುತ್ತದೆ.

ಮೂರನೆಯದು 1990ರ ದಶಕದ ನಂತರ ಬಲಗೊಂಡ, ಓದಿದವರ ವಲಸೆ. ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದವರು ಹುಬ್ಬಳ್ಳಿ, ಬೆಂಗಳೂರು, ಪುಣೆಗಳ ಕಾರ್ಖಾನೆ, ಅಂಗಡಿ, ಸಾರಿಗೆ, ಡೆಲಿವರಿ ಕೆಲಸಗಳಿಗೆ ಹೋಗುತ್ತಾರೆ. ಇವರು ಬರುವುದು ಹಬ್ಬಕ್ಕೆ, ಮದುವೆಗೆ, ಮತದಾನಕ್ಕೆ; ಬಿತ್ತನೆಗೆ ಬರುವುದಿಲ್ಲ. ಶಿಗ್ಗಾವಿಯಂಥ ಹೆದ್ದಾರಿ ಊರುಗಳಲ್ಲಿ ಇನ್ನೊಂದು ಬಗೆಯೂ ಇದೆ: ಮುಂಜಾನೆ ಹುಬ್ಬಳ್ಳಿಗೆ ಹೋಗಿ ಸಂಜೆ ಮನೆಗೆ ಬರುವ ದಿನದ ಓಡಾಟ. ಬಸ್ಸಿನ ಸೌಕರ್ಯ ಸುಧಾರಿಸಿದಲ್ಲೆಲ್ಲ ಊರು ಬಿಡುವ ವಲಸೆಯ ಒಂದು ಪಾಲನ್ನು ಈ ಓಡಾಟ ನುಂಗಿದೆ.

ಇವಲ್ಲದೆ ಕುರುಬರು ಕುರಿ ಹಿಂಡಿನೊಂದಿಗೆ ಮಾಡುವ ಸಂಚಾರವಿದೆ. ಕೊಯ್ಲಾದ ಹೊಲದಲ್ಲಿ ಕುರಿ ತರುಬಿಸಿ, ಗೊಬ್ಬರದ ಬದಲಿಗೆ ಕಾಳನ್ನೋ ಹಣವನ್ನೋ ಪಡೆಯುವ ಈ ಪದ್ಧತಿ ಎರಡೂ ಕಡೆಯವರಿಗೆ ಲಾಭದ್ದು. ಖಾಲಿ ಬಿಡುತ್ತಿದ್ದ ಹೊಲಗಳು ನೀರಾವರಿಗೂ ತೋಟಕ್ಕೂ ತಿರುಗಿದಂತೆ ಹಿಂಡುಗಳಿಗೆ ತಂಗುವ ಜಾಗ ಕಡಿಮೆಯಾಗುತ್ತಿದೆ.

ಆಳಿನ ಅಭಾವ ಮತ್ತು ಬೆಳೆಯ ಆಯ್ಕೆ

ವಲಸೆಯ ಮೊದಲ ಪರಿಣಾಮ ಕಾಣುವುದು ಕೂಲಿಯಲ್ಲಿ. ಗೋವಾದ ಗೌಂಡಿ ಕೂಲಿ ಎಷ್ಟು ಎಂಬುದು ಊರಿನ ಪ್ರತಿಯೊಬ್ಬ ಕೂಲಿಕಾರನಿಗೂ ಗೊತ್ತು. ಹೊಲದ ಮಾಲೀಕ ಅದಕ್ಕಿಂತ ತೀರ ಕಡಿಮೆ ಕೊಟ್ಟರೆ ಆಳು ನಿಲ್ಲುವುದಿಲ್ಲ. ವರ್ಷದ ಸಂಬಳಕ್ಕೆ ಮನೆಯಲ್ಲೇ ಉಳಿದು ದುಡಿಯುವ ಆಳುಗಳು ಅಪರೂಪವಾದರು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಂತೆ ಹೋಗುವ ಮುಯ್ಯಾಳು ಪದ್ಧತಿ ಸಣ್ಣ ಹಿಡುವಳಿದಾರರ ನಡುವೆ ಅಲ್ಲಲ್ಲಿ ಉಳಿದಿದೆ. ದಿನಗೂಲಿಯ ಜಾಗದಲ್ಲಿ ಎಕರೆ ಲೆಕ್ಕದ ಗುತ್ತಿಗೆ ಬಂದಿದೆ: ಹೆಂಗಸರ ತಂಡವೊಂದು ಕಳೆ ತೆಗೆಯುವುದನ್ನೋ ನಾಟಿಯನ್ನೋ ಎಕರೆಗೆ ಇಷ್ಟು ಎಂದು ಮಾತಾಡಿಕೊಂಡು, ಮುಗಿಸಿ, ಟಂಟಂ ಹತ್ತಿ ಮುಂದಿನ ಹೊಲಕ್ಕೆ ಹೋಗುತ್ತದೆ.

ಎರಡನೆಯ ಪರಿಣಾಮ ಬೆಳೆಯ ಮೇಲೆ. ಜೋಳ, ಸಣ್ಣ ಹತ್ತಿ, ದ್ವಿದಳ ಧಾನ್ಯ ಬೆಳೆಯುತ್ತಿದ್ದ ಹೊಲಗಳ ದೊಡ್ಡ ಪಾಲನ್ನು ಗೋವಿನಜೋಳ, ಅಂದರೆ ಮೆಕ್ಕೆಜೋಳ, ಆಕ್ರಮಿಸಿದೆ. ಹಾವೇರಿ ಇಂದು ರಾಜ್ಯದ ಮುಂಚೂಣಿಯ ಮೆಕ್ಕೆಜೋಳದ ಜಿಲ್ಲೆ. ಕೋಳಿ ಆಹಾರ ಮತ್ತು ಪಿಷ್ಟದ ಕಾರ್ಖಾನೆಗಳ ಬೇಡಿಕೆ, ಹೈಬ್ರಿಡ್ ಬೀಜದ ಇಳುವರಿ ಇದಕ್ಕೆ ಕಾರಣ. ಅಷ್ಟೇ ಮುಖ್ಯವಾದ ಕಾರಣ, ಈ ಬೆಳೆಗೆ ಆಳು ಕಡಿಮೆ ಸಾಕು ಎಂಬುದು. ಕಳೆನಾಶಕ ಹೊಡೆದು, ತೆನೆ ಮುರಿದು ಯಂತ್ರಕ್ಕೆ ಹಾಕಿದರೆ ಕಾಳು ಬಂತು. ಹತ್ತಿಯಂತೆ ವಾರಗಟ್ಟಲೆ ಬಿಡಿಸುತ್ತ ಕೂರಬೇಕಿಲ್ಲ. ಮನೆಯ ಗಂಡಸರು ಹೊರಗಿರುವಾಗ ಹೊಲ ಬೀಳು ಬೀಳದಂತೆ ನೋಡಿಕೊಳ್ಳಲು ಇದು ಒಗ್ಗುತ್ತದೆ.

ಹಾನಗಲ್ ಮತ್ತು ಹಿರೇಕೆರೂರಿನಲ್ಲಿ ಅದೇ ಲೆಕ್ಕ ರೈತರನ್ನು ಅಡಿಕೆಯ ಕಡೆಗೆ ಒಯ್ದಿದೆ. ಹಾನಗಲ್ಲಿನ ಗದ್ದೆಗಳಲ್ಲಿ ಕೂರಿಗೆಯಿಂದ ಭತ್ತ ಬಿತ್ತಿ, ಎಡೆ ಹೊಡೆದು, ಕಳೆ ಕಿತ್ತು ಬೆಳೆಯುವ ಪದ್ಧತಿ ತಲೆಮಾರುಗಳದು. ಬಿತ್ತನೆಯಿಂದ ಒಕ್ಕಣೆಯವರೆಗೆ ಮನೆಮಂದಿಯೆಲ್ಲ ಬೇಕಾಗುತ್ತಿತ್ತು. ಕೊಳವೆಬಾವಿ, ಹನಿ ನೀರಾವರಿ, ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆ ಮತ್ತು ಕೆರೆ ತುಂಬಿಸುವ ಯೋಜನೆಗಳ ನೀರು ಸಿಕ್ಕಲ್ಲಿ ಅಡಿಕೆ ಸಸಿ ಬಂತು. ಮೊದಲ ಐದಾರು ವರ್ಷ ಬಂಡವಾಳ ಬೇಕು. ಹಲವು ಕುಟುಂಬಗಳಿಗೆ ಅದನ್ನು ಒದಗಿಸಿದ್ದು ಹೊರಗೆ ದುಡಿಯುವ ಮಗನ ಹಣ. ಫಸಲು ಬಂದ ಮೇಲೆ ಮಾಲೀಕನೇ ಆಳು ಹುಡುಕಬೇಕಿಲ್ಲ. ತೋಟವನ್ನು ಖೇಣಿಗೆ ಕೊಟ್ಟರೆ ಹಿಡಿದವರೇ ಕೊನೆಗಾರರನ್ನು ಕರೆತಂದು ಕೊಯ್ದು, ಸುಲಿಸಿ, ಬೇಯಿಸುತ್ತಾರೆ. ಊರಿನಲ್ಲಿಲ್ಲದ ಒಡೆಯನಿಗೂ ಅಡಿಕೆ ಆದಾಯ ಕೊಡುತ್ತದೆ. ಆದರೆ ಭತ್ತದ ಗದ್ದೆ ಊರಿನ ಭೂರಹಿತರಿಗೆ ಕೊಡುತ್ತಿದ್ದ ಕೆಲಸದ ದಿನಗಳು ತೋಟದಲ್ಲಿ ಸಿಗುವುದಿಲ್ಲ. ವಲಸೆಯಿಂದ ಆಳು ಕಡಿಮೆಯಾಗಿ ತೋಟ ಬಂತು. ತೋಟ ಬಂದದ್ದರಿಂದ ಉಳಿದವರಿಗೂ ಕೆಲಸ ಕಡಿಮೆಯಾಗಿ ಮತ್ತಷ್ಟು ಜನ ಹೊರಟರು.

ಇದಕ್ಕೆ ವಿರುದ್ಧವಾದ ಉದಾಹರಣೆ ಹಿರೇಕೆರೂರು, ರಾಣೆಬೆನ್ನೂರು ಭಾಗದ ಹೈಬ್ರಿಡ್ ಬೀಜೋತ್ಪಾದನೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಹತ್ತಿ ತಳಿ ಕೊಟ್ಟ ಮೇಲೆ ಈ ಕಸುಬು ಇಲ್ಲಿ ಬೇರೂರಿತು. ಹತ್ತಿಯ ಜೊತೆಗೆ ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆಯ ಬೀಜವೂ ಸೇರಿತು. ‘ಕ್ರಾಸಿಂಗ್’ ಎಂದು ಕರೆಯುವ ಕೆಲಸ ಪೂರ್ತಿ ಕೈಯದು. ಮರುದಿನ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಹಿಂದಿನ ದಿನವೇ ಬಿಡಿಸಿ ಕೇಸರಗಳನ್ನು ತೆಗೆಯಬೇಕು. ಬೆಳಗ್ಗೆ ಗಂಡು ಗಿಡದ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸಬೇಕು. ಟೊಮೆಟೊದಲ್ಲಿ ಕ್ರಾಸ್ ಮಾಡಿದ ಹೂವಿನ ಎರಡು ಪುಷ್ಪಪತ್ರಗಳ ತುದಿ ಚಿವುಟಿ ಗುರುತು ಮಾಡುತ್ತಾರೆ. ಗುರುತಿಲ್ಲದ ಕಾಯಿಯ ಬೀಜವನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ. ಕೆಲವು ಗುಂಟೆಯ ಮಡಿಯಲ್ಲೂ ವಾರಗಟ್ಟಲೆ ಹತ್ತಾರು ಜನರಿಗೆ ಕೆಲಸ. ಅವರಲ್ಲಿ ಹೆಚ್ಚಿನವರು ಹೆಂಗಸರು, ಯುವತಿಯರು. ಮಕ್ಕಳನ್ನು ದುಡಿಸಿಕೊಂಡ ಆರೋಪವೂ ಈ ಕಸುಬಿನ ಮೇಲಿದೆ. ಬೀಜದ ಮಡಿಗಳಿರುವ ಊರುಗಳಲ್ಲಿ ಹೆಂಗಸರಿಗೆ ಊರಿನಲ್ಲೇ ಕೆಲಸ ಸಿಗುವುದರಿಂದ ಇಡೀ ಕುಟುಂಬ ಗಂಟುಮೂಟೆ ಕಟ್ಟುವ ಅಗತ್ಯ ಕಡಿಮೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸವೂ ಸುತ್ತಲಿನ ಹೆಂಗಸರಿಗೆ ಅಂಥದೇ ಆಸರೆ.

ಸವಣೂರಿನ ಎಲೆತೋಟಗಳ ಸ್ಥಿತಿ ಬೇರೆ. ಬಳ್ಳಿ ಇಳಿಸಿ ಕಟ್ಟುವುದು, ಎಲೆ ಕೊಯ್ಯುವುದು, ಪಿಂಡಿ ಕಟ್ಟುವುದು ಪಳಗಿದ ಕೈ ಬೇಡುವ ಕೆಲಸ. ಆ ಕೈಗಳ ಮಕ್ಕಳು ಬೇರೆ ಕಸುಬಿಗೆ ಹೋದಾಗ ಯಂತ್ರ ಆ ಜಾಗ ತುಂಬಲಾರದು. ಗುಟ್ಕಾದ ಹಾವಳಿಯೂ ಎಲೆಯ ಬೇಡಿಕೆಗೆ ಕತ್ತರಿ ಹಾಕಿದೆ.

ಹಣದ ಹರಿವು

ಹಿಂದೆ ಮನಿಯಾರ್ಡರಿನಲ್ಲಿ, ಇಲ್ಲವೇ ಜಾತ್ರೆಗೆ ಬಂದವರ ಕೈಯಲ್ಲಿ ಬರುತ್ತಿದ್ದ ಹಣ ಈಗ ಮೊಬೈಲಿನಲ್ಲೇ ಬಂದು ಸೇರುತ್ತದೆ. ಖರ್ಚಿನ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ: ಮೊದಲು ಹಳೆಯ ಸಾಲ, ಆಮೇಲೆ ಮದುವೆ ಮತ್ತು ಆಸ್ಪತ್ರೆ, ಉಳಿದರೆ ಮನೆ. ಹೆಂಚಿನ ಮಾಡು ಹೋಗಿ ಸ್ಲ್ಯಾಬ್ ಬಂದ ಮನೆಗಳು ತಾಂಡಾಗಳಲ್ಲೂ ಹೆಚ್ಚಿವೆ. ಇದರ ಲಾಭ ತಾಲ್ಲೂಕು ಕೇಂದ್ರಗಳ ಸಿಮೆಂಟ್, ಕಬ್ಬಿಣ, ಟೈಲ್ಸ್ ಅಂಗಡಿಗಳಿಗೆ, ಬೈಕ್ ಮತ್ತು ಟ್ರ್ಯಾಕ್ಟರ್ ಮಾರುವವರಿಗೆ, ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಸಿಕ್ಕಿದೆ. ಕಾರ್ಖಾನೆ, ಸಂಸ್ಕರಣಾ ಘಟಕಗಳಿಗೆ ಹರಿದದ್ದು ಅಲ್ಪ. ಗೋವಾದಲ್ಲಿ ಕಲಿತ ಸೆಂಟ್ರಿಂಗ್, ವೆಲ್ಡಿಂಗ್, ವೈರಿಂಗ್ ಕೆಲಸವನ್ನು ಊರಿಗೆ ತಂದು ಬದುಕು ಕಟ್ಟಿಕೊಂಡವರು ಅಕ್ಕಿ ಆಲೂರು, ಬಂಕಾಪುರ, ಹಂಸಭಾವಿಯಂಥ ಊರುಗಳ ಪೇಟೆಯಲ್ಲಿ ಕಾಣುತ್ತಾರೆ. ಅವರ ಗಿರಾಕಿಗಳೂ ಬಹುಮಟ್ಟಿಗೆ ವಲಸೆಯ ಹಣದಿಂದ ಮನೆ ಕಟ್ಟಿಸುವವರೇ.

ಸಾಲ ವಲಸೆಯ ಫಲವೂ ಹೌದು, ಕಾರಣವೂ ಹೌದು. ಊರಿಗೆ ಹಣ ಬರುತ್ತದೆಂಬ ಭರವಸೆಯ ಮೇಲೆ ಹೆಂಗಸರ ಗುಂಪುಗಳಿಗೆ ಕಿರುಸಾಲ ಸಲೀಸಾಗಿ ಸಿಕ್ಕಿತು. ವಾರದ ಕಂತು ತಪ್ಪಿದಾಗ ಅದನ್ನು ತೀರಿಸಲೆಂದೇ ಇನ್ನೊಬ್ಬರು ಊರು ಬಿಡಬೇಕಾಯಿತು. ವಸೂಲಿಯ ಕಿರುಕುಳದ ದೂರುಗಳು ರಾಜ್ಯದ ಹಲವೆಡೆ ಎದ್ದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು.

ಉಳಿದವರು, ಬಂದವರು

ಗಂಡಸರು ಹೊರಗೆ ಹೋದ ಮನೆಗಳಲ್ಲಿ ಬೀಜ, ಗೊಬ್ಬರ, ಸೊಸೈಟಿ, ಆಳುಗಳ ಲೆಕ್ಕ ಎಲ್ಲವೂ ಹೆಂಗಸರ ಪಾಲಿಗೆ ಬಂದಿದೆ. ಪಹಣಿಯಲ್ಲಿ ಹೆಸರು ಮಾತ್ರ ಗಂಡನದೋ ಮಾವನದೋ ಆಗಿರುವುದರಿಂದ ಬೆಳೆಸಾಲಕ್ಕೂ ವಿಮೆಗೂ ಪರಿಹಾರಕ್ಕೂ ಅವರು ಇನ್ನೊಬ್ಬರ ಸಹಿಗೆ ಕಾಯಬೇಕು. ಕುಟುಂಬ ಸಮೇತ ಹೋದವರ ಮಕ್ಕಳ ಓದು ನಡುವರ್ಷದಲ್ಲಿ ಕಡಿದುಹೋಗುತ್ತದೆ. ಅಜ್ಜ ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ.

ಹೊರಗಿನಿಂದ ಬರುವವರೂ ಇದ್ದಾರೆ. ಹಾನಗಲ್ಲಿನ ಮಲೆನಾಡ ಅಂಚಿನಲ್ಲಿ ಕೇರಳದ ಬೆಳೆಗಾರರು ಭೂಮಿಯನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದಾರೆ. ಮಾಲೀಕನಿಗೆ ಕೈಗೆ ಒಮ್ಮೆಲೇ ಹಣ ಸಿಗುತ್ತದೆ. ನೆಲದ ಸಾರ ಬಸಿದುಹೋಗುತ್ತದೆಂಬ ದೂರೂ ಇದೆ. ಕಬ್ಬು ಕಡಿಯಲು ಹೊರಗಿನ ಗ್ಯಾಂಗುಗಳು, ಭತ್ತ ಕೊಯ್ಯಲು ಹೊರ ರಾಜ್ಯದ ಕಟಾವು ಯಂತ್ರಗಳು ಬರುತ್ತವೆ. ಟೈಲ್ಸ್ ಹಾಸುವುದು, ಬಣ್ಣ ಬಳಿಯುವುದು, ಹೆದ್ದಾರಿಯ ಹೋಟೆಲು ಕೆಲಸಗಳಲ್ಲಿ ಉತ್ತರ ಭಾರತದ ಹುಡುಗರು ಕಾಣುತ್ತಾರೆ. ಇಲ್ಲಿನ ಯುವಕರು ಬೆಂಗಳೂರಿನಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಬೇರೆಯವರು ಬಂದು ಮಾಡುವುದುಂಟು. ಅಪರಿಚಿತ ಊರಿನಲ್ಲಿ ನಿಂತು ದುಡಿಯುವವನು ಹಬ್ಬ, ಹೊಲ, ನೆಂಟರ ಕಾರಣಕ್ಕೆ ರಜೆ ಕೇಳುವುದಿಲ್ಲ ಎಂಬುದು ಎರಡೂ ಕಡೆಯ ಗುತ್ತಿಗೆದಾರರ ಲೆಕ್ಕಾಚಾರ.

ಸರ್ಕಾರಿ ಯೋಜನೆಗಳು ಮತ್ತು 2020

ಉದ್ಯೋಗ ಖಾತರಿ ಯೋಜನೆ ಹಾವೇರಿ ಜಿಲ್ಲೆಗೆ ಬಂದದ್ದು ಅದು ದೇಶದ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿದ 2008ರ ಏಪ್ರಿಲ್‌ನಲ್ಲಿ. ವರ್ಷಕ್ಕೆ 100 ದಿನಗಳ ಕೆಲಸ ಹೆಂಗಸರಿಗೂ ವಯಸ್ಸಾದವರಿಗೂ ಊರಿನಲ್ಲಿ ನಿಲ್ಲುವ ಆಯ್ಕೆ ಕೊಟ್ಟಿತು. ಕರ್ನಾಟಕದಲ್ಲಿ 2020–21ರಲ್ಲಿ ದಿನಕ್ಕೆ 275 ರೂಪಾಯಿ, 2024–25ರಲ್ಲಿ 349 ರೂಪಾಯಿಯಿದ್ದ ಆ ಕೂಲಿ ನಗರದ ಗೌಂಡಿಯ ಕೂಲಿಗೆ ಸಾಟಿಯಾಗಿರಲಿಲ್ಲ. ಪಳಗಿದ ಗಂಡಸರನ್ನು ಅದು ತಡೆಯಲಿಲ್ಲ. ಕುಟುಂಬ ಸಮೇತ ಹೋಗುವ ಒತ್ತಡವನ್ನು ತಗ್ಗಿಸಿತು. 2023ರಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಪಕ್ಕದ ಪಟ್ಟಣಕ್ಕೆ ಕೂಲಿಗೆ ಹೋಗುವ ಹೆಂಗಸರ ಖರ್ಚು ಉಳಿಸಿದೆ. ಅದೇ ವರ್ಷದ ಬರದಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಗೆ ಸಿಗುವ ತಿಂಗಳ 2,000 ರೂಪಾಯಿ ಮತ್ತು ಪಡಿತರ ಮನೆಯ ಒಲೆ ಆರದಂತೆ ನೋಡಿಕೊಂಡವು.

2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಈ ಅರ್ಥವ್ಯವಸ್ಥೆಯ ಅವಲಂಬನೆಯನ್ನು ಬಯಲುಮಾಡಿತು. ಗೋವಾ, ಮಂಗಳೂರು, ಬೆಂಗಳೂರುಗಳಿಂದ ಜನ ಒಮ್ಮೆಲೇ ಮರಳಿದರು. ಬರುವ ಹಣ ನಿಂತಿತು, ತಿನ್ನುವ ಬಾಯಿ ಹೆಚ್ಚಿತು. ಕೆರೆ ಹೂಳೆತ್ತುವ, ಬದು ಹಾಕುವ ಖಾತರಿ ಕೆಲಸಕ್ಕೆ ಜನ ಮುಗಿಬಿದ್ದರು. ಹಿಂದೆ ಖಾತರಿ ಕೆಲಸಕ್ಕೆ ಕೈ ಹಾಕದ ಯುವಕರೂ ಸಲಿಕೆ ಹಿಡಿದರು. ಬೀಳು ಬಿದ್ದ ಹೊಲಗಳಲ್ಲಿ ಬಿತ್ತನೆ ನಡೆಯಿತು. ಆದರೆ ನಗರದ ಕಾಮಗಾರಿ ಶುರುವಾದದ್ದೇ ಹೆಚ್ಚಿನವರು ವಾಪಸಾದರು. ಮರಳಿದವರನ್ನು ವರ್ಷವಿಡೀ ಹಿಡಿದಿಡುವಷ್ಟು ಕೆಲಸ ಈ ತಾಲ್ಲೂಕುಗಳಲ್ಲಿ ಇರಲಿಲ್ಲ.

ಎಣಿಕೆಯ ತೊಡಕು

2001ರಿಂದ 2011ರ ನಡುವೆ ಹಾವೇರಿ ಜಿಲ್ಲೆಯ ಜನಸಂಖ್ಯೆ 14,39,116ರಿಂದ 15,97,668ಕ್ಕೆ, ಅಂದರೆ ಶೇ. 11ರಷ್ಟು ಏರಿತು. ರಾಜ್ಯದ ಏರಿಕೆ ಶೇ. 15.6, ಬೆಂಗಳೂರು ನಗರ ಜಿಲ್ಲೆಯದು ಶೇ. 47. ಜನನ ಪ್ರಮಾಣದ ಇಳಿಕೆಯನ್ನು ಬದಿಗಿಟ್ಟರೂ ಹೊರಹೋದವರ ನೆರಳು ಈ ಅಂತರದಲ್ಲಿದೆ. ಹಂಗಾಮಿನ ವಲಸೆಗಾರರು ಮಾತ್ರ ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಹೊಲ ಖಾಲಿಯಾಗಿ ಜನ ಹೊರಗಿರುವ ಕಾಲದಲ್ಲಿ. ಗಣತಿದಾರರಿಗೆ ಗೋವಾದ ಶೆಡ್ಡಿನಲ್ಲಿ ಸಿಕ್ಕವರು ಗೋವಾದ ಲೆಕ್ಕಕ್ಕೆ ಸೇರಿದರೆ, ಮನೆಯವರು ‘ಇಲ್ಲೇ ಇರುತ್ತಾರೆ’ ಎಂದು ಬರೆಸಿದವರು ಊರಿನ ಲೆಕ್ಕದಲ್ಲಿ ಉಳಿದರು. ಮುಂದಿನ ಜನಗಣತಿಗೆ ಗೊತ್ತುಮಾಡಿರುವ 2027ರ ಮಾರ್ಚ್ 1 ಕೂಡ ಅದೇ ಹಂಗಾಮಿನಲ್ಲಿ ಬರುತ್ತದೆ.

ಶಾಲೆಯ ಕೋಣೆ, ಪಡಿತರ, ಆಸ್ಪತ್ರೆಯ ಹಾಸಿಗೆ, ಬಸ್ಸಿನ ಟ್ರಿಪ್ಪು ಎಲ್ಲವೂ ಈ ಎಣಿಕೆಯ ಮೇಲೆ ಹಂಚಿಕೆಯಾಗುತ್ತವೆ. ಮಳೆಗಾಲದ ಸವಣೂರಿಗೂ ಬೇಸಿಗೆಯ ಸವಣೂರಿಗೂ ಇರುವ ಜನರ ಅಂತರ ಗೊತ್ತಾಗದೆ ಕೂಲಿ, ಬೆಳೆ, ನೀರಾವರಿಯ ಯೋಜನೆ ಹಾಕಿದರೆ ಅದು ಅರ್ಧ ವರ್ಷಕ್ಕಷ್ಟೇ ಹೊಂದುತ್ತದೆ. ಅಡಿಕೆ ತೋಟ ಹೆಚ್ಚುತ್ತಿರುವ ಹಾನಗಲ್ಲಿಗೂ, ಬೀಜದ ಮಡಿಗಳ ಹಿರೇಕೆರೂರಿಗೂ, ಹೆದ್ದಾರಿಯ ಶಿಗ್ಗಾವಿಗೂ ಒಂದೇ ಬಗೆಯ ಪರಿಹಾರ ಒಪ್ಪುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು ಕೈ ಬೇಕು, ಅವು ಯಾವ ತಿಂಗಳು ಎಲ್ಲಿರುತ್ತವೆ ಎಂಬ ತಾಲ್ಲೂಕುವಾರು ಲೆಕ್ಕ ಇಲ್ಲಿನ ಯಾವುದೇ ಯೋಜನೆಗೆ ಮೊದಲ ಅಗತ್ಯ.